ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ?

ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಸಾಹಿತ್ಯಗಳನ್ನು ಓದುತ್ತಿರುವ ಬಿ.ಎ. ವಿದ್ಯಾರ್ಥಿಯೊಬ್ಬನು ಹೂಗಿಡಗಳ ಹುಳುಹುಪ್ಪಟೆಗಳನ್ನು ಕುರಿತು ಲೇಖನ ಬರೆಯಹೊರಟಿದ್ದಾನೆಂದರೆ ಓದುಗ ಮಿತ್ರರಿಗೆ ನಗು ಬಂದೀತು. "ಅದು ಕೃಷಿ ಕಾಲೇಜಿನವರ ಕೆಲಸ, ನಿನಗೇಕಪ್ಪ ಈ ಉಸಾಬರಿ?" ಎಂದು ಕೇಳುವವರೂ ಇರಬಹುದು. ಆದರೆ ನಮ್ಮ ಕಾಲೇಜಿನ ಮುಂದಣ ದಾಸವಾಳವಾಗಲಿ, ವಿದ್ಯಾರ್ಥಿನಿಲಯದ ಹಿತ್ತಿಲಿನ ಕರಿಬೇವಾಗಲಿ, ನಮ್ಮ ನಮ್ಮ ಮನೆಗಳ ಅಂಗಳದ ಗುಲಾಬಿ, ಮಲ್ಲಿಗೆ, ನಿಂಬೆ, ಮೆಣಸಿನ ಗಿಡಗಳಾಗಲಿ, ತಮಗೆ ನೀರೆರೆಯುವವನು ಕಲಾ ವಿಭಾಗದವನೋ ವಿಜ್ಞಾನ ವಿಭಾಗದವನೋ ಎಂದು ವಿಚಾರಿಸುವುದಿಲ್ಲ. ಗಿಡವುಳ್ಳವರಿಗೆಲ್ಲ ಹುಳುವಿನ ಚಿಂತೆ ತಪ್ಪಿದ್ದಲ್ಲ. ಆ ಚಿಂತೆಯನ್ನು ನಾವು ಪರಿಹರಿಸಿಕೊಳ್ಳುತ್ತಿರುವ ರೀತಿ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅದನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದಕ್ಕಾಗಿ ಈ ಕೆಲವು ಪುಟಗಳನ್ನು ಬಳಸಿಕೊಳ್ಳುತ್ತಿದ್ದೇನೆ.

ಗಿಡಕ್ಕೆ ಹುಳು ಬಿದ್ದಾಗ ನಾವು ಮಾಡುವ ಮೊದಲ ಕೆಲಸ ಅಂಗಡಿಗೆ ಓಡುವುದು. ಮಾಡಬೇಕಾದ ಮೊದಲ ಕೆಲಸ ಎಲೆಯನ್ನು ತಿರುಗಿಸಿ ನೋಡುವುದು. ನಾನು ಹೇಳಬೇಕೆಂದಿರುವುದು ಇಷ್ಟೇ. ಹುಳು ಯಾವುದೆಂದು ತಿಳಿಯದೆ ಅದಕ್ಕೆ ಮದ್ದು ಹುಡುಕುವುದು, ಕಾಯಿಲೆ ಯಾವುದೆಂದು ಕೇಳದೆ ಗುಳಿಗೆ ನುಂಗಿಸಿದಂತೆಯೇ ಸರಿ. ಇನ್ನೂ ಒಂದು ಮಾತು. ಹೂದೋಟದ ಹತ್ತು ತೊಂದರೆಗಳಲ್ಲಿ ಬಹುಪಾಲು ಬರಿಯ ಕೈಯಿಂದ, ನೀರಿನಿಂದ, ಚಿಟಿಕೆ ಸಾಬೂನಿನಿಂದ ಹೋಗುವಂಥವು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂದು ಹಿರಿಯರು ಗಾದೆ ಮಾಡಿದ್ದು ನಮ್ಮಂಥವರನ್ನು ನೋಡಿಯೇ ಇರಬೇಕು.

ನಾನು ಭಾಷೆಯ ವಿದ್ಯಾರ್ಥಿಯಾದುದರಿಂದ ಮೊದಲು ಎರಡು ಮಾತುಗಳ ವಿಚಾರವನ್ನು ಎತ್ತಿಕೊಳ್ಳುತ್ತೇನೆ. ಒಂದು 'ಹುಳು', ಇನ್ನೊಂದು 'ಔಷಧಿ'. ಗಿಡದ ಮೇಲೆ ಏನು ಹರಿದಾಡಿದರೂ ನಮಗೆ ಅದು ಹುಳು. ಅದನ್ನು ಕೊಲ್ಲಲು ಏನು ಸಿಂಪಡಿಸಿದರೂ ನಮಗೆ ಅದು ಔಷಧಿ. ಕನ್ನಡದಲ್ಲಿ ಮಾತುಗಳಿಗೆ ಬಡತನವಿಲ್ಲ. ರೈತರನ್ನು ಕೇಳಿ ನೋಡಿ: ಹೇನು, ಜಿಗಿಹುಳು, ಬಿಳಿನೊಣ, ಹಿಟ್ಟು ತಿಗಣೆ, ನುಸಿ, ಕಂಬಳಿಹುಳು, ಕಾಯಿಕೊರಕ, ರಂಗೋಲಿ ಹುಳು ಎಂದು ಬಿಡಿಬಿಡಿಯಾಗಿ ಹೇಳುತ್ತಾರೆ. ಒಂದೊಂದು ಹೆಸರೂ ಯಾರೋ ಒಬ್ಬರು ಕುಕ್ಕರಗಾಲಿನಲ್ಲಿ ಕುಳಿತು ಗಿಡವನ್ನು ನೋಡಿದುದರ ಫಲ. ಪೇಟೆ ಸೇರಿದ ನಾವು ಆ ಹೆಸರುಗಳನ್ನೆಲ್ಲ ಮರೆತು 'ಹುಳು' ಎಂಬ ಒಂದೇ ಮೂಟೆಯಲ್ಲಿ ಕಟ್ಟಿಬಿಟ್ಟಿದ್ದೇವೆ. ಹೆಸರು ಮರೆತ ಮೇಲೆ ವ್ಯತ್ಯಾಸವೂ ಕಣ್ಣಿಗೆ ಬೀಳುವುದಿಲ್ಲ.

ಔಷಧಿ ಎಂಬ ಮಾತಿನ ಕಥೆ ಇನ್ನೂ ವಿಚಿತ್ರ. ಸುಮಾರು 1025ರಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು 'ಲೋಕೋಪಕಾರ'ವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ಜನರ ನಿತ್ಯಜೀವನಕ್ಕೆ ಬೇಕಾದ ಹಲವು ವಿದ್ಯೆಗಳ ಜೊತೆಗೆ ವೃಕ್ಷಾಯುರ್ವೇದವೂ ಅದರಲ್ಲಿ ಸೇರಿದೆ. ಮರಗಿಡಗಳಿಗೂ ಆಯುಸ್ಸುಂಟು, ರೋಗವುಂಟು, ಆದುದರಿಂದ ವೈದ್ಯವೂ ಉಂಟು ಎಂಬ ಭಾವನೆಯೇ ವೃಕ್ಷಾಯುರ್ವೇದದ ತಳಹದಿ. ಗಿಡವನ್ನು ರೋಗಿಯೆಂದು ಭಾವಿಸಿ ಉಪಚರಿಸಿದವರ ಬಾಯಲ್ಲಿ ಔಷಧಿ ಎಂಬ ಮಾತು ಸಲ್ಲುತ್ತದೆ. ನಾವು ಇಂದು ಸಿಂಪಡಿಸುತ್ತಿರುವುದು ಗಿಡಕ್ಕೆ ಬಲ ಕೊಡುವ ವಸ್ತುವಲ್ಲ, ಜೀವಿಯನ್ನು ಕೊಲ್ಲುವ ವಸ್ತು. ಇದನ್ನು ನಾನು ಹೇಳುತ್ತಿಲ್ಲ, ಕಾನೂನೇ ಹೇಳುತ್ತದೆ. ನಮ್ಮ ದೇಶದಲ್ಲಿ ಕೀಟನಾಶಕಗಳ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಈ ನಾಲ್ಕರಲ್ಲಿ ಒಂದು ಬಣ್ಣದ ತ್ರಿಕೋನವಿರಬೇಕೆಂದು ನಿಯಮವಿದೆ. ಕೆಂಪು ಅತ್ಯಂತ ವಿಷಕಾರಿ, ಹಸಿರು ಅವುಗಳಲ್ಲಿ ಸೌಮ್ಯವಾದುದು. ಕೆಂಪು ಮತ್ತು ಹಳದಿ ಗುರುತಿನ ಡಬ್ಬಿಗಳ ಮೇಲೆ 'ವಿಷ' ಎಂದೇ ಮುದ್ರಿಸಿರಬೇಕು, ಕೆಂಪಿಗೆ ತಲೆಬುರುಡೆಯ ಚಿತ್ರವೂ ಸೇರುತ್ತದೆ. ಡಬ್ಬಿ ತನ್ನನ್ನು ತಾನು ವಿಷವೆಂದು ಕೂಗಿ ಹೇಳುತ್ತಿದ್ದರೂ ನಾವು ಅದಕ್ಕೆ ಔಷಧಿಯೆಂಬ ಮರ್ಯಾದೆಯ ಹೆಸರಿಟ್ಟು ಅಡಿಗೆಮನೆಯ ಗೂಡಿನಲ್ಲಿ ಇಡುತ್ತೇವೆ. ಮಾತು ಮೋಸ ಮಾಡಿದಾಗ ಕೈಯೂ ಮೋಸ ಹೋಗುತ್ತದೆ.

ಇರಲಿ, ಎಲೆಯ ವಿಷಯಕ್ಕೆ ಬರೋಣ. ಗಿಡವನ್ನು ನೋಡುವುದೆಂದರೆ ಮೇಲಿನಿಂದ ನೋಡುವುದಲ್ಲ. ಹುಳುಗಳಿಗೆ ಬಿಸಿಲೂ ಬೇಡ, ಹಕ್ಕಿಯ ಕಣ್ಣೂ ಬೇಡ. ಎಲೆಯ ಬೆನ್ನು, ಚಿಗುರಿನ ಸಂದು, ಮೊಗ್ಗಿನ ಬುಡ, ಇವೇ ಅವುಗಳ ಮನೆಗಳು. ಒಂದು ಬಿಳಿಯ ಕಾಗದ, ಒಂದು ಭೂತಗನ್ನಡಿ, ಐದು ನಿಮಿಷದ ತಾಳ್ಮೆ ಇವಿಷ್ಟಿದ್ದರೆ ಸಾಕು. ಮೊದಲು ಎರಡು ಪಂಗಡಗಳನ್ನು ಬೇರ್ಪಡಿಸಿಕೊಳ್ಳಬೇಕು: ಎಲೆಯನ್ನು ಕಚ್ಚಿ ತಿನ್ನುವವು, ರಸವನ್ನು ಹೀರುವವು. ಎಲೆಯಲ್ಲಿ ತೂತು, ಅಂಚಿನಲ್ಲಿ ಕಡಿತ, ಕೆಳಗೆ ಹಿಕ್ಕೆ ಕಂಡರೆ ಕಚ್ಚುವ ಜಾತಿ. ತೂತಿಲ್ಲದೆ ಎಲೆ ಮುರುಟಿ, ಹಳದಿಯಾಗಿ, ಅಂಟಾಗಿ, ಚುಕ್ಕೆ ಬಿದ್ದಿದ್ದರೆ ಹೀರುವ ಜಾತಿ. ಇದೊಂದನ್ನು ತಿಳಿದುಕೊಂಡರೇ ಅರ್ಧ ಕೆಲಸ ಮುಗಿದಂತೆ.

ಕರಿಬೇವಿನ ಗಿಡವನ್ನೇ ತೆಗೆದುಕೊಳ್ಳಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಪ್ಪುಬಿಳಿ ಬಣ್ಣದ ಚಿಕ್ಕದೊಂದು ವಸ್ತು ಬಿದ್ದಿರುತ್ತದೆ. ಅದು ಹಿಕ್ಕೆಯಲ್ಲ, ನಿಂಬೆ ಚಿಟ್ಟೆಯ ಮರಿ. ಹಕ್ಕಿಗಳನ್ನು ವಂಚಿಸಲು ಈ ವೇಷ. ಬೆಳೆದಂತೆ ಅದು ಹಸಿರಾಗಿ ಎಲೆಯೊಡನೆ ಒಂದಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲಾದ ಕೊಂಬಿನಂಥದೊಂದನ್ನು ಹೊರಚಾಚಿ ಘಾಟುವಾಸನೆ ಬೀರುತ್ತದೆ. ಚಿಕ್ಕ ಗಿಡದಲ್ಲಿ ಇಂಥವು ನಾಲ್ಕಾರು ಸೇರಿದರೆ ಎಲೆಯೆಲ್ಲ ಖಾಲಿ. ಇದಕ್ಕೆ ಚಿಕಿತ್ಸೆಯೇನು? ಎರಡು ಬೆರಳು. ಆರಿಸಿ ತೆಗೆದು ಬೇಲಿಯ ಕಾಡುನಿಂಬೆಗೋ ಬಿಲ್ವದ ಮರಕ್ಕೋ ಬಿಟ್ಟರೆ ಮುಂದೆ ಚಿಟ್ಟೆಯಾಗಿ ಹಾರಿಹೋದೀತು. ಇಷ್ಟಕ್ಕೆ ಬಾಟಲಿ ತರುವವರಿದ್ದಾರೆ. ಆ ಎಲೆಯೇ ಮರುದಿನ ಸಾರಿನ ಒಗ್ಗರಣೆಗೆ ಬೀಳುವುದೆಂಬುದನ್ನು ಅವರು ನೆನೆಯುವುದಿಲ್ಲ.

ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಅಚ್ಚುಕಟ್ಟಾದ ಅರ್ಧಚಂದ್ರಾಕೃತಿಗಳು ಕಂಡರೆ ಅದು ಕಂಬಳಿಹುಳುವಿನ ಕೆಲಸವಲ್ಲ. ಒಂಟಿಯಾಗಿ ಬಾಳುವ ಒಂದು ಜಾತಿಯ ಜೇನು ತನ್ನ ಗೂಡಿಗೆ ಹಾಸಲು ಎಲೆಯನ್ನು ಕತ್ತರಿಸಿಕೊಂಡು ಹೋಗುತ್ತದೆ. ಎಲೆಯ ಅಂದ ಕೊಂಚ ಕೆಡುತ್ತದೆಯೇ ಹೊರತು ಗಿಡಕ್ಕೆ ಹಾನಿಯಿಲ್ಲ. ಹೂವಿನಿಂದ ಹೂವಿಗೆ ಪರಾಗ ಒಯ್ಯುವ ಉಪಕಾರಿ ಅದು. ಟೊಮ್ಯಾಟೊ, ನಿಂಬೆಗಳ ಎಲೆಯ ಮೇಲೆ ಬಿಳಿಯ ಗೆರೆಗಳು ಅಂಕುಡೊಂಕಾಗಿ ಹರಿದಿದ್ದರೆ ಅದು ರಂಗೋಲಿ ಹುಳು. ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆದು ಒಳಗೇ ಕುಳಿತಿರುವ ಮರಿಗೆ ಹೊರಗಿನಿಂದ ಎರಚಿದ್ದರಲ್ಲಿ ಬಹುಪಾಲು ತಲುಪುವುದೇ ಇಲ್ಲ. ಗೆರೆ ಬಿದ್ದ ಎಲೆಗಳನ್ನು ಕಿತ್ತು ನಾಶಪಡಿಸುವುದೇ ಮನೆಯ ಗಿಡಕ್ಕೆ ಸುಲಭೋಪಾಯ.

ಗುರುತಿಸುವಿಕೆಯ ಮಹತ್ವವನ್ನು ತಿಳಿಸಲು ಮೆಣಸಿನ ಗಿಡಕ್ಕಿಂತ ಒಳ್ಳೆಯ ಉಪಾಧ್ಯಾಯರಿಲ್ಲ. ಎಲೆ ಮುರುಟಿಕೊಂಡಿತೆಂದರೆ ಎಲ್ಲರೂ "ನುಸಿ ಬಿದ್ದಿದೆ" ಎನ್ನುತ್ತಾರೆ. ಆದರೆ ನುಸಿಯಲ್ಲಿ ಎರಡುಂಟು. ಎಲೆಯ ಅಂಚುಗಳು ಮೇಲಕ್ಕೆ ಮಡಿಚಿ ದೋಣಿಯಂತಾಗಿದ್ದರೆ ಅದು ಥ್ರಿಪ್ಸ್ ನುಸಿಯ ಲಕ್ಷಣ. ಕೆಳಕ್ಕೆ ಮಡಿಚಿ ಕವುಚಿ ಹಾಕಿದ ದೋಣಿಯಂತಾಗಿದ್ದರೆ ಮೈಟ್ ನುಸಿಯ ಲಕ್ಷಣ. ಮೊದಲನೆಯದು ಆರು ಕಾಲಿನ ಕೀಟ. ಎರಡನೆಯದು ಕೀಟವೇ ಅಲ್ಲ, ಎಂಟು ಕಾಲಿನ ಜೇಡದ ಬಳಗ. ಒಂದಕ್ಕೆ ನಾಟುವ ವಿಷ ಇನ್ನೊಂದಕ್ಕೆ ನಾಟಲೇಬೇಕೆಂದಿಲ್ಲ. ಅಷ್ಟೇ ಅಲ್ಲ, ಕೆಲವು ಕೀಟನಾಶಕಗಳನ್ನು ಹೊಡೆದಾಗ ಮೈಟ್ ನುಸಿಯನ್ನು ತಿಂದು ಬದುಕುವ ಪ್ರಾಣಿಗಳು ಸತ್ತು, ನುಸಿ ಮೊದಲಿಗಿಂತ ಹೆಚ್ಚುವುದುಂಟು. ಒಬ್ಬನನ್ನು ಹಿಡಿಯಹೋಗಿ ಇನ್ನೊಬ್ಬನಿಗೆ ಬಾಗಿಲು ತೆರೆದಂತಾಯಿತು. ಚಿಗುರಿನ ಕೆಳಗೆ ಬಿಳಿಯ ಕಾಗದ ಹಿಡಿದು ಮೆಲ್ಲಗೆ ತಟ್ಟಿ, ಉದುರಿದ ಚುಕ್ಕೆಗಳನ್ನು ಭೂತಗನ್ನಡಿಯಲ್ಲಿ ನೋಡುವ ಒಂದು ನಿಮಿಷದ ಕೆಲಸದಿಂದ ಇಷ್ಟೆಲ್ಲ ತಪ್ಪುತ್ತದೆ.

ರಸ ಹೀರುವ ಜಾತಿಯಲ್ಲಿ ನಮ್ಮ ದಾಸವಾಳಗಳ ಕಡುವೈರಿ ಹಿಟ್ಟು ತಿಗಣೆ. ಚಿಗುರಿನ ಸಂದಿನಲ್ಲಿ ಹತ್ತಿಯ ಚೂರು ಮೆತ್ತಿದಂತೆ ಬೆಳ್ಳಗೆ ಕಾಣುವುದು ಅದೇ. ಮೈಮೇಲೆ ಮೇಣದ ಹೊದಿಕೆ ಇರುವುದರಿಂದ ಸಿಂಪಡಿಸಿದ ದ್ರವ ಜಾರಿಹೋಗುತ್ತದೆ. ಹೀರಿದ ರಸದಲ್ಲಿ ಮಿಕ್ಕ ಸಿಹಿಯನ್ನು ಅದು ಅಂಟಾಗಿ ಹೊರಹಾಕುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದಾಗ ನಾವು "ಗಿಡಕ್ಕೆ ಮಸಿ ಹಿಡಿಯಿತು" ಎನ್ನುತ್ತೇವೆ. ಮಸಿ ಕಂಡಲ್ಲಿ ಮಸಿಯನ್ನಲ್ಲ, ಅದರ ಮೇಲಿನ ಕೊಂಬೆಯನ್ನು ನೋಡಬೇಕು. ಸಸ್ಯಹೇನಿನ ವಿಷಯವೂ ಹೀಗೆಯೇ. ಇವುಗಳ ಬಳಿ ಇರುವೆಯ ಸಾಲು ಇದ್ದೇ ಇರುತ್ತದೆ. ಗೊಲ್ಲನು ಹಸುವನ್ನು ಕಾಯುವಂತೆ ಇರುವೆಗಳು ಸಿಹಿಯಂಟಿನ ಆಸೆಗೆ ಹೇನನ್ನೂ ತಿಗಣೆಯನ್ನೂ ಕಾಯುತ್ತವೆ, ತಿನ್ನಬಂದ ಶತ್ರುಗಳನ್ನು ಓಡಿಸುತ್ತವೆ. ಆದುದರಿಂದ ಇರುವೆ ಗಿಡ ಹತ್ತುವ ದಾರಿಯನ್ನು ತಪ್ಪಿಸಿದರೆ ಹಿಟ್ಟು ತಿಗಣೆಯ ಅರ್ಧ ಬಲ ಕುಗ್ಗುತ್ತದೆ. ಇದು ಔಷಧದ ಅಂಗಡಿಯಲ್ಲಿ ಸಿಗುವ ಬುದ್ಧಿಯಲ್ಲ.

ಈಗ ನನ್ನ ವಾದದ ಮುಖ್ಯ ಸಾಕ್ಷಿಯನ್ನು ಕರೆಯುತ್ತೇನೆ. ಗುಲಗಂಜಿ ಹುಳುವನ್ನು ನಾವೆಲ್ಲರೂ ಬಾಲ್ಯದಲ್ಲಿ ಅಂಗೈ ಮೇಲೆ ಬಿಟ್ಟುಕೊಂಡು ಆಡಿದವರೇ. ಅದೂ ಅದರ ಮರಿಯೂ ಸಸ್ಯಹೇನನ್ನು ತಿಂದು ಬದುಕುತ್ತವೆ. ಆದರೆ ಮರಿ ತಾಯಿಯಂತಿಲ್ಲ. ಪುಟ್ಟ ಮೊಸಳೆಯಂತೆ ಒರಟಾಗಿರುತ್ತದೆ. ತಿಳಿಯದವರು ಅದನ್ನೇ ಶತ್ರುವೆಂದು ಹೊಸಕಿಹಾಕುತ್ತಾರೆ. ಇದೇ ಕುಲದ ಕ್ರಿಪ್ಟೊಲೀಮಸ್ ಎಂಬ ಇನ್ನೊಂದು ಜೀರುಂಡೆಯ ಕಥೆ ಮತ್ತೂ ಸೋಜಿಗ. ಕಾಫಿ ಗಿಡದ ಹಸಿರು ಶಲ್ಕಕೀಟವನ್ನು ನಿಗ್ರಹಿಸಲೆಂದು ಇದನ್ನು 1898ರಲ್ಲಿ ಆಸ್ಟ್ರೇಲಿಯಾದಿಂದ ಇಂಡಿಯಾಕ್ಕೆ ತಂದರು. ತಂದ ಉದ್ದೇಶ ಈಡೇರಲಿಲ್ಲ. ಆದರೆ ಅದು ದಕ್ಷಿಣದಲ್ಲಿ ನೆಲೆಸಿ ಹಿಟ್ಟು ತಿಗಣೆಗಳನ್ನು ಹಿಡಿದು ತಿನ್ನತೊಡಗಿತು. ಇಂದು ಪ್ರಯೋಗಶಾಲೆಗಳಲ್ಲಿ ಅದನ್ನು ಸಾಕಿ ದ್ರಾಕ್ಷಿ ಮತ್ತು ಕಾಫಿ ತೋಟಗಳಿಗೆ ಬಿಡುತ್ತಾರೆ. ಅದರ ಮರಿಯ ಮೈಮೇಲೆಯೂ ಬಿಳಿಯ ಮೇಣದ ಎಳೆಗಳಿರುವುದರಿಂದ ಅದು ಥೇಟು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ! ಗಾತ್ರದಲ್ಲಿ ಕೊಂಚ ದೊಡ್ಡದು, ನಡಿಗೆಯಲ್ಲಿ ಚುರುಕು. ತಿಗಣೆ ಗುಂಪಾಗಿ ಅಲುಗದೆ ಕುಳಿತಿರುತ್ತದೆ, ಇದು ಅತ್ತಿತ್ತ ಓಡಾಡುತ್ತದೆ. ಕಳ್ಳನೂ ಪೊಲೀಸಿನವನೂ ಒಂದೇ ಅಂಗಿ ತೊಟ್ಟಿರುವಾಗ ನೋಡದೆ ಗುಂಡು ಹಾರಿಸುವವನನ್ನು ಏನೆನ್ನಬೇಕು?

ಇಂಥ ಮಿತ್ರಕೀಟಗಳ ಶಕ್ತಿಯನ್ನು ಅಲ್ಪವೆಂದು ತಿಳಿಯಬಾರದು. ಹಿಂದಿನ ಶತಮಾನದ ಹಿಂದಿನ ಶತಮಾನದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಹತ್ತಿಯಂಥ ಮೆತ್ತೆಯುಳ್ಳ ಒಂದು ಶಲ್ಕಕೀಟ ಹಾಳುಗೆಡವುತ್ತಿದ್ದಾಗ, 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬವರು ಆಸ್ಟ್ರೇಲಿಯಾಕ್ಕೆ ಹೋಗಿ ಅದರ ಶತ್ರುವಾದ ಗುಲಗಂಜಿ ಜಾತಿಯ ಹುಳುವನ್ನು ಹುಡುಕಿ ಕಳುಹಿಸಿಕೊಟ್ಟರು. ಬಹುಬೇಗನೆ ತೋಟಗಳು ಚೇತರಿಸಿಕೊಂಡವು. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಬಂತು. ಅದನ್ನು ಸಿಂಪಡಿಸಿದ ಕಡೆ ಆ ಉಪಕಾರಿ ಹುಳು ಸತ್ತು ಹೋಗಿ ಹಳೆಯ ಪೀಡೆ ಮತ್ತೆ ತಲೆಯೆತ್ತಿತು. ನಮ್ಮ ದೇಶದಲ್ಲಿಯೇ ನಡೆದ ಉದಾಹರಣೆ ಬೇಕೆನ್ನುವವರು ಪಪ್ಪಾಯಿಯ ಹಿಟ್ಟು ತಿಗಣೆಯನ್ನು ನೆನೆಯಬಹುದು. ಮೆಕ್ಸಿಕೋ ಕಡೆಯ ಈ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳಗಳಿಗೆಲ್ಲ ಹಬ್ಬಿ ಕರ್ನಾಟಕಕ್ಕೂ ಬಂತು. ಸಿಂಪಡಣೆ ನಾಟಲಿಲ್ಲ. ಹಿಪ್ಪುನೇರಳೆಗಂತೂ ವಿಷ ಹೊಡೆದರೆ ಸೊಪ್ಪು ತಿಂದ ರೇಷ್ಮೆಹುಳುವೇ ಸಾಯಬೇಕು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಶೋಧನ ಸಂಸ್ಥೆಯವರು ಪೋರ್ಟೊರಿಕೊದಿಂದ ಪರಾವಲಂಬಿ ಕಣಜಗಳನ್ನು ತರಿಸಿ ಸಾಕಿ ಬಿಟ್ಟರು. ಅವುಗಳಲ್ಲಿ ಒಂದು, ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಕಣಜ, ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು, ಮರಿ ಅದನ್ನು ಒಳಗಿನಿಂದಲೇ ತಿಂದು ಮುಗಿಸುವಂತೆ ಮಾಡಿತು. ಬಾಟಲಿಗಳು ಸೋತ ಕಡೆ ಕಣಜ ಗೆದ್ದಿತು.

ಹಾಗಾದರೆ ಚಿಕಿತ್ಸೆಯೇ ಬೇಡವೆ? ಬೇಕು, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಮೊದಲನೆಯ ಮೆಟ್ಟಿಲು ಕೈ: ಆರಿಸುವುದು, ಒರೆಸುವುದು, ಪೀಡೆ ಹೆಚ್ಚಾದ ಚಿಗುರನ್ನು ಚಿವುಟಿ ಸಾಬೂನು ನೀರಿನಲ್ಲಿ ಮುಳುಗಿಸುವುದು. ಎರಡನೆಯದು ನೀರು. ಸಸ್ಯಹೇನು ಮತ್ತು ಮೈಟ್ ನುಸಿಗಳಿಗೆ ಎಲೆಯ ಬೆನ್ನಿಗೆ ರಭಸವಾಗಿ ನೀರು ಹಾಯಿಸಿದರೆ ಎಷ್ಟೋ ಉದುರಿಹೋಗುತ್ತವೆ. ಮೂರನೆಯದು ಸೌಮ್ಯವಾದ ಸಾಬೂನಿನ ತಿಳಿನೀರು, ಇಲ್ಲವೆ ಬೇವು. ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನು ಕೊಂಚ ಸಾಬೂನಿನೊಡನೆ ಕದಡಿ ಹೊಡೆಯಬಹುದು. ಬೇವಿನ ಬೀಜ ಸಿಕ್ಕುವವರು 50 ಗ್ರಾಂ ತಿರುಳನ್ನು ಕುಟ್ಟಿ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಸೋಸಿ, ಒಟ್ಟು ಒಂದು ಲೀಟರು ಮಾಡಿಕೊಳ್ಳಬಹುದು. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುವುದರಿಂದ ಸಂಜೆಯೇ ತಕ್ಕ ಸಮಯ. ಸಂಜೆಯಲ್ಲಿ ಜೇನುಗಳ ಓಡಾಟವೂ ಕಡಮೆ. ಯಾವುದನ್ನಾಗಲಿ ಮೊದಲು ನಾಲ್ಕು ಎಲೆಗೆ ಹೊಡೆದು ಎರಡು ದಿನ ಕಾದು, ಎಲೆ ಸುಡಲಿಲ್ಲವೆಂದು ಖಚಿತಪಡಿಸಿಕೊಂಡು ಮುಂದುವರಿಯಬೇಕು. ಬಿಳಿನೊಣಕ್ಕೆ ಹಳದಿ ಬಣ್ಣ ಬಳಿದ ತಗಡಿಗೆ ಹರಳೆಣ್ಣೆ ಸವರಿ ಗಿಡದ ಮಟ್ಟದಲ್ಲಿ ತೂಗುಹಾಕಿದರೆ ಅವೇ ಬಂದು ಅಂಟಿಕೊಳ್ಳುತ್ತವೆ.

ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು. ಮನೆಯಲ್ಲಿ ಮಾಡಿದ್ದೆಲ್ಲ ನಿರಪಾಯವೆಂಬ ನಂಬಿಕೆಯೂ ಒಂದು ಮೌಢ್ಯವೇ. ಹೊಗೆಸೊಪ್ಪಿನ ಕಷಾಯವನ್ನು ಕೆಲವರು ಧಾರಾಳವಾಗಿ ಎರಚುತ್ತಾರೆ. ಅದರಲ್ಲಿರುವ ನಿಕೋಟಿನ್ ಮನುಷ್ಯನಿಗೂ ವಿಷವೇ. ಬಟ್ಟೆ ಒಗೆಯುವ ಪುಡಿ, ಸೀಮೆಎಣ್ಣೆಗಳು ಹುಳುವಿಗಿಂತ ಮೊದಲು ಎಲೆಯನ್ನೇ ಸುಡುತ್ತವೆ. ನನ್ನ ತಕರಾರು ಅಂಗಡಿಯ ಮೇಲಲ್ಲ, ನೋಡದೆ ಎರಚುವ ಕೈಯ ಮೇಲೆ.

ಈ ವಿಷಯ ನನಗೆ ಇಷ್ಟು ಮನಸ್ಸಿಗೆ ಹತ್ತಿರವಾಗಿರುವುದಕ್ಕೆ ಕಾರಣವನ್ನೂ ಮುಚ್ಚಿಡದೆ ಹೇಳುತ್ತೇನೆ. ನನ್ನ ತಂದೆಯವರು ಹೂವಿನ ತೋಟಗಳಿಗೆ ಕೂಲಿಗೆ ಔಷಧಿ ಹೊಡೆಯಲು ಹೋಗುವವರು. ಬೆನ್ನಿಗೆ 16 ಲೀಟರಿನ ಪಂಪು, ಮೂಗಿಗೆ ಒಂದು ಟವೆಲು, ಬರಿಗಾಲು. ಇದೇ ಅವರ ಕವಚ. ಹೊಡೆದ ದಿನ ಅವರ ಕಣ್ಣು ಕೆಂಪಗಿರುತ್ತದೆ, ರಾತ್ರಿ ಊಟ ಸೇರುವುದಿಲ್ಲ. ಸ್ನಾನವಾಗುವ ತನಕ ನನ್ನ ತಂಗಿಯನ್ನು ಹತ್ತಿರ ಬಿಡಬೇಡವೆಂದು ಅವ್ವನಿಗೆ ಅವರೇ ಹೇಳುತ್ತಾರೆ. ಡಬ್ಬಿಯೊಡನೆ ಒಂದು ಮಡಿಚಿದ ಕಾಗದ ಬರುತ್ತದೆ: ಎಷ್ಟು ಬೆರೆಸಬೇಕು, ಏನು ತೊಟ್ಟುಕೊಳ್ಳಬೇಕು, ಮೈಗೆ ತಗುಲಿದರೆ ಏನು ಮಾಡಬೇಕು, ಹೊಡೆದ ಎಷ್ಟು ದಿನಗಳ ಮೇಲೆ ಕೊಯ್ಯಬೇಕು ಎಂಬುದೆಲ್ಲ ಸಣ್ಣ ಅಕ್ಷರಗಳಲ್ಲಿ ಅದರಲ್ಲಿರುತ್ತದೆ. ನಮ್ಮ ಮನೆಯಲ್ಲಿ ಆ ಕಾಗದವನ್ನು ಓದಿ ತಿಳಿಯಬಲ್ಲವನು ನಾನೊಬ್ಬನೇ. ನಾನು ಕಾಲೇಜು ಮೆಟ್ಟಿಲು ಹತ್ತುವ ತನಕ ಅದನ್ನು ಓದಿದವರೇ ಇರಲಿಲ್ಲ. ಒಮ್ಮೆ ಪೇಟೆಯ ಅಂಗಡಿಯೊಂದರಲ್ಲಿ ತಂದೆಯವರು "ಸೇವಂತಿಗೆಗೆ ಹುಳು ಬಿದ್ದದೆ ಸ್ವಾಮಿ" ಎಂದರು. ಯಾವ ಹುಳು, ಎಲೆ ಹೇಗಿದೆ ಎಂದು ಅಂಗಡಿಯವನು ಕೇಳಲಿಲ್ಲ. ಹಳದಿ ತ್ರಿಕೋನದ ಬಾಟಲಿಯೊಂದನ್ನು ಮುಂದಿಟ್ಟು ದುಡ್ಡು ಎಣಿಸಿಕೊಂಡ. ಆ ಹೊತ್ತಿನಲ್ಲಿ ನನಗನ್ನಿಸಿದ್ದಿಷ್ಟು: ಪ್ರಶ್ನೆ ಕೇಳುವವರಿಲ್ಲದ ಕಡೆ ವಿಷಕ್ಕೆ ಬೆಲೆ ಹೆಚ್ಚು, ಮನುಷ್ಯನಿಗೆ ಕಡಮೆ.

ಇದು ನಮ್ಮ ಮನೆಯೊಂದರ ಅಳಲಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋದಿ ಹಿಟ್ಟನ್ನು ತಿಂದು ನೂರಕ್ಕೂ ಮಿಕ್ಕಿ ಜನ ಸತ್ತರು. ಆ ದುರಂತದ ತರುವಾಯವೇ ವಿಚಾರಣೆಗಳು ನಡೆದು 1968ರಲ್ಲಿ ನಮ್ಮ ದೇಶದ ಕೀಟನಾಶಕ ಕಾಯಿದೆ ಬಂದಿತು. ಗೇರು ತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸುರಿಸಿದ ಕಾಸರಗೋಡು ಮತ್ತು ದಕ್ಷಿಣ ಕನ್ನಡಗಳ ಹಳ್ಳಿಗಳಲ್ಲಿ ಜನರು ಅನುಭವಿಸಿದ, ಇನ್ನೂ ಅನುಭವಿಸುತ್ತಿರುವ ಸಂಕಟ ಎಲ್ಲರಿಗೂ ತಿಳಿದುದೇ. ಸರ್ವೋಚ್ಚ ನ್ಯಾಯಾಲಯ ಅದನ್ನು ನಿಲ್ಲಿಸಿದ್ದು 2011ರಲ್ಲಿ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಸಿಂಪಡಿಸಲು ಹೋದ ರೈತರು ಮತ್ತು ಕೂಲಿಯವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಸತ್ತವರು ಪಂಪು ಹೊತ್ತವರು, ನನ್ನ ತಂದೆಯಂಥವರು.

"ನಿನ್ನ ಮಾತೆಲ್ಲ ಕುಂಡದ ಗಿಡಕ್ಕೆ ಸರಿ. ಎಕರೆಗಟ್ಟಲೆ ಬೆಳೆ ಇಟ್ಟವನು ಎಲೆ ಎಲೆ ತಿರುಗಿಸುತ್ತ ಕೂರಲಾದೀತೆ?" ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಸಾಲ ಮಾಡಿ ಬೆಳೆ ಇಟ್ಟವನ ಕಷ್ಟ ನನಗೆ ಗೊತ್ತು. ಒಂದು ವಾರದಲ್ಲಿ ಕೈಗೆ ಬಂದುದು ಹೋಗುತ್ತದೆಂಬ ಭಯದಲ್ಲಿ ಅವನು ಬಾಟಲಿಗೆ ಕೈಹಾಕುವುದನ್ನು ಬೆಚ್ಚಗೆ ಕುಳಿತು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಹೂದೋಟದ ಮಾತು ಬೇರೆ. ನಮ್ಮ ಅಂಗಳದ ಗುಲಾಬಿಯ ಎರಡು ಎಲೆ ತೂತಾದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಹೊಟ್ಟೆಪಾಡಿನ ನೆವವಿಲ್ಲದ ಕಡೆಯಲ್ಲಿಯೂ ನಾವು ವಿಷವನ್ನೇ ಮೊದಲು ನೆನೆದರೆ ಅದಕ್ಕೆ ಕಾರಣ ಸೋಮಾರಿತನವಲ್ಲದೆ ಬೇರೇನು? ಮತ್ತೊಂದು ಮಾತು. ಇಲ್ಲಿಂದ ಹೊರಬಿದ್ದ ಮೇಲೆ ನಮ್ಮಲ್ಲಿ ಕೆಲವರು ಉಪಾಧ್ಯಾಯರಾಗುತ್ತೇವೆ, ಕೆಲವರು ಗ್ರಾಮ ಆಡಳಿತ ಅಧಿಕಾರಿಗಳಾಗುತ್ತೇವೆ, ಕೆಲವರು ಹೊಲಕ್ಕೇ ಮರಳುತ್ತೇವೆ. ಕುಂಡದ ಗಿಡದಲ್ಲಿ ಕಲಿತ ಕಣ್ಣು ಹೊಲದಲ್ಲಿಯೂ ಕೆಲಸಕ್ಕೆ ಬರುತ್ತದೆ. ಹೊಲದಲ್ಲಿಯೂ ವಾರಕ್ಕೊಮ್ಮೆ ಅಲ್ಲಲ್ಲಿ ಕೆಲವು ಗಿಡಗಳನ್ನು ಪರೀಕ್ಷಿಸಿ, ಪೀಡೆ ಮಿತಿ ಮೀರಿದರೆ ಮಾತ್ರ ಸಿಂಪಡಿಸಬೇಕೆಂಬುದೇ ಇಂದಿನ ಕೃಷಿ ವಿಜ್ಞಾನಿಗಳ ಬೋಧನೆ.

ಕಾಯಿಲೆ ಬಂದ ಮೇಲೆ ಓಡಾಡುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಲೇಸು. ಹಿಂದಿನ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ತಜ್ಞರಾಗಿ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಮೊದಲು ಕೂಲಂಕಷವಾಗಿ ಅಭ್ಯಾಸ ಮಾಡಿದರು. ಅದು ಹುಳುವಿನ ಕೆಲಸವಲ್ಲ, ಮಳೆಗಾಲದಲ್ಲಿ ಹಬ್ಬುವ ಬೂಷ್ಟಿನ ಜಾತಿಯದೆಂದು ತಿಳಿದುದರಿಂದಲೇ ಮಳೆಗೆ ಮುಂಚೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುವ ಕ್ರಮ ಊರ್ಜಿತವಾಯಿತು. ಮೊದಲು ತಿಳಿವು, ಆಮೇಲೆ ತಡೆ. ಹೂದೋಟಕ್ಕೂ ಇದೇ ಸೂತ್ರ. ಹೊಸ ಗಿಡ ತಂದಾಗ ಎರಡು ವಾರ ಬೇರೆ ಇಟ್ಟು ನೋಡಿ ಆಮೇಲೆ ಇತರ ಗಿಡಗಳ ಜೊತೆ ಸೇರಿಸಬೇಕು. ನರ್ಸರಿಯಿಂದ ಬರುವ ಗಿಡದೊಡನೆ ಹಿಟ್ಟು ತಿಗಣೆ ಪುಕ್ಕಟೆಯಾಗಿ ಬರುವುದುಂಟು. ಯೂರಿಯಾ ಅತಿಯಾಗಿ ಹಾಕಿದರೆ ಚಿಗುರು ಮೆತ್ತಗಾಗಿ ಹೇನಿಗೆ ಔತಣವಿಟ್ಟಂತಾಗುತ್ತದೆ. ಒತ್ತೊತ್ತಾದ ಕೊಂಬೆಗಳನ್ನು ಸವರಿ ಗಾಳಿ ಬೆಳಕು ಆಡುವಂತೆ ಮಾಡಬೇಕು. ಒಂದೇ ಜಾತಿಯ ಗಿಡ ತುಂಬುವ ಬದಲು ನಡುನಡುವೆ ಚೆಂಡುಹೂ, ತುಳಸಿ, ಸಬ್ಬಸಿಗೆಗಳನ್ನು ಬೆಳೆಸಿದರೆ ಅವುಗಳ ಹೂವಿಗೆ ಬರುವ ಕಣಜ, ಹೂನೊಣಗಳು ನಮ್ಮ ಕಾವಲುಗಾರರಾಗುತ್ತವೆ. ಹಳದಿಯಾದ ಎಲೆಯೆಲ್ಲ ಹುಳುವಿನದೆಂದೂ ತಿಳಿಯಬಾರದು. ನೀರು ಹೆಚ್ಚಾದರೂ ಎಲೆ ಹಳದಿಯಾಗುತ್ತದೆ, ಮಣ್ಣಿನಲ್ಲಿ ಕಬ್ಬಿಣದ ಸತ್ವ ದಕ್ಕದಿದ್ದರೂ ಹಳದಿಯಾಗುತ್ತದೆ.

ಕಡೆಯದಾಗಿ ನಮ್ಮ ಕಾಲೇಜಿನ ಮಟ್ಟಿಗೆ ಕೆಲವು ಸೂಚನೆಗಳನ್ನು ಮುಂದಿಡಲು ಅಪ್ಪಣೆ ಬೇಡುತ್ತೇನೆ. ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಸರದಿಯಂತೆ ವಾರಕ್ಕೊಂದು ಗಂಟೆ ತೋಟವನ್ನು ಪರೀಕ್ಷಿಸಿ, ಯಾವ ಗಿಡದಲ್ಲಿ ಏನು ಕಂಡಿತೆಂಬುದನ್ನು ಒಂದು ಪುಸ್ತಕದಲ್ಲಿ ಕನ್ನಡದ ಹೆಸರುಗಳಲ್ಲಿಯೇ ಬರೆದಿಡಲಿ. ನಾಲ್ಕು ವರ್ಷ ಕಳೆದರೆ ಆ ಪುಸ್ತಕವೇ ನಮ್ಮ ಊರಿನ ಹೂದೋಟಗಳ ಪಂಚಾಂಗವಾದೀತು. ಹೆಸರು ಬರೆಯದ ಹುಳುವಿಗೆ ಯಾವ ದ್ರವವನ್ನೂ ಹೊಡೆಯಬಾರದೆಂದು ನಿಯಮವಾಗಲಿ. ಅನಿವಾರ್ಯವಾಗಿ ಹೊಡೆಯಲೇಬೇಕಾದ ದಿನ ತೋಟದ ಮಾಲಿಯವರಿಗೆ ಕೈಗವಸು, ಮುಖಗವಸು, ಬೂಟುಗಳನ್ನು ಕೊಟ್ಟ ಮೇಲೆಯೇ ಡಬ್ಬಿಯ ಮುಚ್ಚಳ ತೆರೆಯಲಿ. ಡಬ್ಬಿಯ ಕಾಗದವನ್ನು ವಿದ್ಯಾರ್ಥಿಯೊಬ್ಬ ಅವರಿಗೆ ಗಟ್ಟಿಯಾಗಿ ಓದಿ ಹೇಳಲಿ. ಮೂರು ವರ್ಷ ಸರ್ಕಾರದ ಖರ್ಚಿನಲ್ಲಿ ಓದಲು ಕಲಿತವರು ನಾವು. ಒಬ್ಬ ಮನುಷ್ಯನ ಕಣ್ಣು, ಶ್ವಾಸಕೋಶಗಳನ್ನು ಉಳಿಸುವ ಅರ್ಧ ಪುಟವನ್ನು ಓದಿ ಹೇಳುವುದಕ್ಕೂ ಆ ವಿದ್ಯೆ ಬಾರದಿದ್ದರೆ ಪದವಿಯ ಕಾಗದವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಏನು ಪ್ರಯೋಜನ?

ಮತ್ತು ಇಂದಿನಿಂದಲೇ, ಕಾಸು ಖರ್ಚಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ನಾವೆಲ್ಲರೂ ಮಾಡಬಹುದಾದ ಕೆಲಸ ಒಂದಿದೆ. ವಿಷವನ್ನು ವಿಷವೆಂದೇ ಕರೆಯೋಣ. "ಗಿಡಕ್ಕೆ ಔಷಧಿ ಹೊಡೆಯಬೇಕು" ಎನ್ನುವ ಬದಲು "ಗಿಡಕ್ಕೆ ವಿಷ ಹೊಡೆಯಬೇಕು" ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿರಿ. ಕೈ ತಾನಾಗಿಯೇ ಒಂದು ಕ್ಷಣ ತಡೆಯುತ್ತದೆ. ಆ ಒಂದು ಕ್ಷಣ ಎಲೆಯನ್ನು ತಿರುಗಿಸಿ ನೋಡುವುದಕ್ಕೆ ಸಾಕು.